ಕಳಿಸಿದವರು

ಏಜೆಂಟ್ ಎಂಬ ಮಾತು ಕಿವಿಗೆ ಬಿದ್ದೊಡನೆ ಲೆಕ್ಕದಕ್ಕನ ಅತ್ತೆಯ ಹುಬ್ಬು ಮೇಲೇರಿತು. ಬಾಡಿಗೆ ಮನೆ ಹುಡುಕಿಕೊಡುವ ಏಜೆಂಟ್, ವಿಮೆ ಮಾಡಿಸುವ ಏಜೆಂಟ್, ಪ್ರಯಾಣದ ಟಿಕೆಟ್ ಕೊಡಿಸುವ ಏಜೆಂಟ್, ಎಲ್ಲರ ಹತ್ತಿರವೂ ಒಂದೊಂದು ಸಲ ಕೈ ಸುಟ್ಟುಕೊಂಡವರು ಅವರು. ಸೊಸೆ ಉದ್ದನೆಯ ರಜೆ ಮುಗಿಸಿ ಕೆಲಸಕ್ಕೆ ಮರಳಿದ ವಾರವೇ "ನಾಳೆ ಆಫೀಸಲ್ಲಿ ಏಜೆಂಟ್ ಕೂರಿಸ್ಬೇಕು ಅತ್ತೆ" ಎಂದಾಗ, ತೊಡೆಯ ಮೇಲಿದ್ದ ಮೊಮ್ಮಗಳನ್ನು ಎದೆಗೆ ಒತ್ತಿಕೊಂಡು ಅವರು ಕೇಳಿದ ಮೊದಲ ಪ್ರಶ್ನೆ: "ಕಮಿಷನ್ ಎಷ್ಟಂತೆ?"

"ಮನುಷ್ಯ ಅಲ್ಲ ಅತ್ತೆ ಅವನು. ಒಂದು ಚಿಕ್ಕ ಪ್ರೋಗ್ರಾಮು. ನಮ್ಮ ಕೋಡ್ ಇಟ್ಟಿರೋ ಕಡೆ ಸುಮ್ನೆ ಕೂತಿರ್ತಾನೆ. ಯಾರು ಏನು ಬದಲಾಯಿಸಿದ್ರು, ಯಾವಾಗ ಬದಲಾಯಿಸಿದ್ರು, ಎಲ್ಲಾ ಎಣಿಸಿ ಮೇಲಿನವರಿಗೆ ತೋರಿಸ್ತಾನೆ."

"ಹಂಗನ್ನು. ಚಾಡಿಕೋರ."

ಲೆಕ್ಕದಕ್ಕ ನಕ್ಕಳು. ಆದರೆ ಅತ್ತೆಯ ಮಾತು ಅಷ್ಟೇನೂ ತಪ್ಪಲ್ಲ ಎಂದು ಅವಳಿಗೂ ಗೊತ್ತಿತ್ತು.

ಅವಳಿಗೆ ಆ ಅಡ್ಡಹೆಸರು ಬಿದ್ದದ್ದು ಕಚೇರಿಯಲ್ಲಿ. ಕಂಡದ್ದನ್ನೆಲ್ಲ ಎಣಿಸುವ ಚಾಳಿ ಅವಳದು. ಹತ್ತುವಾಗ ಮೆಟ್ಟಿಲು, ಸಭೆಯಲ್ಲಿ ಆಕಳಿಸಿದವರ ತಲೆ, ಭಾಷಣದಲ್ಲಿ "ಮೂಲತಃ" ಎಂಬ ಪದ ಬಂದ ಸಲ, ಒಂದನ್ನೂ ಬಿಡುವವಳಲ್ಲ. ಕಚೇರಿ ಇದ್ದದ್ದು ಕಟ್ಟಡದ ತುತ್ತತುದಿಯ ಮಹಡಿಯಲ್ಲಿ. ಲಿಫ್ಟು ಕೆಟ್ಟು ಒಳಗೆ ಜನ ಸಿಕ್ಕಿಬಿದ್ದರೆ, ಅವರು ಒತ್ತಿದ ಗಂಟೆಯ ಸುದ್ದಿಯನ್ನು ದುರಸ್ತಿಯವರಿಗೆ ತಕ್ಷಣ ಮುಟ್ಟಿಸುವ ತಂತ್ರಾಂಶ ಮಾಡುವುದು ಅವರ ಕಸುಬು. ಊರಿನ ಲಿಫ್ಟುಗಳ ಕಷ್ಟಸುಖವನ್ನೆಲ್ಲ ವಿಚಾರಿಸುವ ಈ ಮಹಾನುಭಾವರ ಸ್ವಂತ ಕಟ್ಟಡದ ಲಿಫ್ಟು ಮಾತ್ರ ವಾರಕ್ಕೆರಡು ಸಲ ಮುನಿಸಿಕೊಳ್ಳುತ್ತಿತ್ತು. ಎಲ್ಲರೂ ಏದುಸಿರು ಬಿಡುತ್ತಾ ಮೆಟ್ಟಿಲು ಹತ್ತಿ ಬಂದು ಕೂತು ಬೇರೆಯವರ ಲಿಫ್ಟಿನ ಚಿಂತೆ ಮಾಡುತ್ತಿದ್ದರು.

ಗಂಟೆಯ ಕೋಡನ್ನು ನೋಡಿಕೊಳ್ಳುವ ಜಾಗಕ್ಕೆ 'ಗಂಟೆ ಮೇಜು' ಎಂದು ಹೆಸರು. ಅಲ್ಲಿ ಎರಡೇ ಕುರ್ಚಿ. ಒಂದು ಲೆಕ್ಕದಕ್ಕನದು, ಇನ್ನೊಂದು ಮೌನಿಯದು. ಮೌನಿ ಅವಳಿಗಿಂತ ಚಿಕ್ಕವನು, ವರ್ಷ ವರ್ಷಕ್ಕೆ ಒಪ್ಪಂದ ಹೊಸದು ಮಾಡಿಸಿಕೊಳ್ಳುವ ನೌಕರ. ಬಾಯಿಂದ ಒಂದು ಮಾತು ಹೊರಡಿಸಬೇಕಾದರೆ ಎದುರಿನವರು ಹತ್ತು ಮಾತು ಖರ್ಚು ಮಾಡಬೇಕು. ಇಬ್ಬರ ನಡುವೆ ಮೂಲೆಯಲ್ಲಿ ಒಂದು ಹಳೆಯ ಕಂಪ್ಯೂಟರ್. ಲಿಫ್ಟಿನ ಗುಂಡಿಗಳನ್ನೂ ಪುಟ್ಟ ದೀಪಗಳನ್ನೂ ಜೋಡಿಸಿದ ಪರೀಕ್ಷೆಯ ಪೆಟ್ಟಿಗೆಗೆ ವೈರು ಎಳೆದಿದ್ದದ್ದು ಅದೊಂದರಿಂದಲೇ. ಗಂಟೆಯ ಕೋಡಿನಲ್ಲಿ ಒಂದಕ್ಷರ ತಿದ್ದಬೇಕಾದರೂ ಆ ಮೂಲೆಗೇ ಹೋಗಿ ಕೂರಬೇಕು.

ಕೋಡನ್ನು ಕೂಡಿಡುವ ಜಾಗಕ್ಕೆ ರೆಪಾಸಿಟರಿ ಎನ್ನುತ್ತಾರೆ. ಅಷ್ಟುದ್ದ ಹೇಳಲು ಯಾರಿಗೂ ಪುರುಸೊತ್ತಿಲ್ಲವಾದ್ದರಿಂದ ರೆಪೊ. ರೆಪೊಗೆ ಸೇರಿದ ಪ್ರತಿಯೊಂದು ತಿದ್ದುಪಡಿಯ ತಲೆಯ ಮೇಲೆ ಬರೆದವರ ಹೆಸರು ಇರುತ್ತದೆ. ಆ ಹೆಸರನ್ನು ಕಂಪ್ಯೂಟರಿಗೆ ಮೊದಲೇ ಹೇಳಿಟ್ಟಿರಬೇಕು. ಅದು ಪಾಪ, ಹೇಳಿಕೊಟ್ಟ ಹೆಸರನ್ನೇ ಗಿಳಿಯ ಹಾಗೆ ಒಪ್ಪಿಸುತ್ತದೆ, ಕೂತವರ ಮುಖ ನೋಡುವುದಿಲ್ಲ. ಅದಕ್ಕೇ ಆ ಮಹಡಿಯಲ್ಲಿ ಒಂದು ಪದ್ಧತಿ: ಮೂಲೆಯ ಮಶೀನಿನಲ್ಲಿ ಕೂತವರು ಮೊದಲು ತಮ್ಮ ಹೆಸರು ಬರೆದು, ಆಮೇಲೆ ಕೆಲಸಕ್ಕೆ ಕೈ ಹಚ್ಚಬೇಕು. ಪದ್ಧತಿ ಮಾಡಿದವಳು ಲೆಕ್ಕದಕ್ಕನೇ. ಹೊಸಬರು ಬಂದರೆ ಬೆನ್ನ ಹಿಂದೆ ಕೈ ಕಟ್ಟಿ ನಿಂತು, "ಮೊದಲು ಹೆಸರು, ಆಮೇಲೆ ಕೆಲಸ" ಎಂದು ಮೇಷ್ಟರಂತೆ ಹೇಳುತ್ತಿದ್ದಳು. ಮೌನಿಗೂ ಹಾಗೇ ಹೇಳಿಕೊಟ್ಟಿದ್ದಳು.

ಆಮೇಲೆ ಮಗು ತಿಂಗಳು ತುಂಬುವ ಮೊದಲೇ ಅವಸರಪಟ್ಟು ಹುಟ್ಟಿತು. ಅಂಗೈಯಗಲದ ಮಗು, ಗಾಜಿನ ಪೆಟ್ಟಿಗೆ, ಮೂಗಿಗೆ ನಳಿಗೆ. ಲೆಕ್ಕದಕ್ಕ ಎಣಿಸುವುದನ್ನು ಬಿಟ್ಟದ್ದು ಆಗಲೇ. ಎಣಿಸಲು ಅಲ್ಲಿ ಇದ್ದದ್ದು ಉಸಿರು ಮಾತ್ರ, ಅದನ್ನು ಎಣಿಸುವ ಧೈರ್ಯ ಅವಳಿಗೆ ಇರಲಿಲ್ಲ. ರಜೆ ಮುಗಿಯಿತು, ಇನ್ನಷ್ಟು ರಜೆ ಕೇಳಿದಳು, ಅದೂ ಮುಗಿಯಿತು. ಕಚೇರಿ ಅನ್ನುವುದೊಂದು ಇದೆ ಎಂಬುದೇ ಮರೆತುಹೋಗಿತ್ತು. ಪುಟ್ಟಿ ಗೆದ್ದು ಮನೆಗೆ ಬಂದಳು, ಕೆನ್ನೆ ತುಂಬಿಕೊಂಡಳು, ಅಜ್ಜಿಯ ಕನ್ನಡಕ ಕಿತ್ತೆಸೆಯುವಷ್ಟು ಗಟ್ಟಿಯಾದಳು. ಆಮೇಲೆಯೇ ಲೆಕ್ಕದಕ್ಕ ಕೆಲಸಕ್ಕೆ ಮರಳಿದ್ದು.

ಅಷ್ಟರಲ್ಲಿ ಹಳೆಯ ಮ್ಯಾನೇಜರು ನಿವೃತ್ತರಾಗಿ ಹೊಸಬರು ಬಂದಿದ್ದರು. ಅಚ್ಚುಕಟ್ಟಾದ ಮನುಷ್ಯ, ಕೆಟ್ಟವರೇನಲ್ಲ. ಆದರೆ ಕಣ್ಣಿಗೆ ಕಾಣುವ ಅಂಕಿಯನ್ನು ಬಿಟ್ಟು ಬೇರೇನನ್ನೂ ನಂಬುವವರಲ್ಲ. ಮೊದಲ ದಿನವೇ ಅವಳನ್ನು ಕೂರಿಸಿಕೊಂಡು ನೇರವಾಗಿ ಹೇಳಿದರು.

"ಮೇಡಂ, ಮುಚ್ಚುಮರೆ ಬೇಡ. ಗಂಟೆ ಮೇಜಿಗೆ ಇನ್ಮೇಲೆ ಒಂದೇ ಕುರ್ಚಿ ಸಾಕು ಅಂತ ಮೇಲಿನವರ ಲೆಕ್ಕ. ನೀವೋ ಆ ಹುಡುಗನೋ, ಒಬ್ಬರು ಉಳೀತೀರಿ. ನಾನು ಹೊಸಬ, ಇಬ್ಬರ ಪರಿಚಯವೂ ಇಲ್ಲ. ಅದಕ್ಕೇ ನಮ್ಮ ರೆಪೊಗಳ ಮೇಲೆಲ್ಲ ಏಜೆಂಟ್ ಕೂರಿಸಿ. ಹೋದ ವರ್ಷದಿಂದ ಯಾರು ಏನು ಕೆಲಸ ಮಾಡಿದ್ದಾರೋ ಗೋಡೆಯ ಪರದೆ ಮೇಲೆ ಕಾಣಲಿ. ಅದು ಹೇಳಿದ್ದೇ ಕೊನೆ."

"ನನ್ನ ಲೆಕ್ಕಾನ ನಾನೇ ಹಾಕೋದಾ ಸರ್?"

"ಈ ಕೆಲಸ ಬರೋರು ಇಲ್ಲಿ ಬೇರೆ ಯಾರಿದ್ದಾರೆ ಹೇಳಿ?"

ಹೊರಗೆ ಬಂದವಳು ಮನಸ್ಸಿನಲ್ಲೇ ಲೆಕ್ಕ ಹಾಕಿದಳು. ಒಂದು ವರ್ಷವಿಡೀ ಅವಳು ರಜೆಯಲ್ಲಿದ್ದಳು, ಅದರಲ್ಲಿ ಬಹುಪಾಲು ಆಸ್ಪತ್ರೆಯಲ್ಲಿ. ಪರದೆಯ ಮೇಲೆ ಅವಳ ಹೆಸರಿನ ಮುಂದೆ ಬರುವುದು ಸೊನ್ನೆಯೇ ತಾನೇ? ಪುಟ್ಟಿಯ ತಪಾಸಣೆಗಳೆಲ್ಲ ನಡೆಯುತ್ತಿದ್ದದ್ದು ಈ ಕಚೇರಿಯ ವಿಮೆಯ ಮೇಲೆ. ತನ್ನ ಕುರ್ಚಿಗೆ ತಾನೇ ಗರಗಸ ಹಾಕುವ ಕೆಲಸವನ್ನು ಕೈಗೆ ಕೊಟ್ಟು ಕಳಿಸಿದ್ದರು ಪುಣ್ಯಾತ್ಮರು.

ಆದರೂ ಕೆಲಸ ಎಂದರೆ ಕೆಲಸ. ಏಜೆಂಟನ್ನು ತಂದು ರೆಪೊಗಳಿದ್ದ ಸರ್ವರಿನಲ್ಲಿ ಕೂರಿಸಿದಳು. ಓದಬಹುದು, ಆದರೆ ಏನನ್ನೂ ಮುಟ್ಟಬಾರದು ಎಂಬಂಥ ಕೀಲಿಯೊಂದನ್ನು ಅವನಿಗೆ ಕೊಟ್ಟಳು. ಯಾವ ರೆಪೊ ನೋಡಬೇಕು, ಏನೇನು ಎಣಿಸಬೇಕು ಎಂದು ಅವನ ಫೈಲಿನಲ್ಲಿ ಸಾಲುಸಾಲಾಗಿ ಬರೆದಳು. ಚಾಲೂ ಮಾಡಿದರೆ ಏಜೆಂಟ್ ಮಿಸುಕಾಡಲಿಲ್ಲ. ಹುಡುಕಿ ಹುಡುಕಿ ನೋಡಿದಾಗ, ಎಲ್ಲಿಂದಲೋ ತಂದು ಅಂಟಿಸಿದ ಒಂದು ಸಾಲಿನ ಮುಂದೆ ಟ್ಯಾಬ್ ಇತ್ತು. ಈ ಏಜೆಂಟನ ಫೈಲಿಗೆ ಟ್ಯಾಬ್ ಆಗಿಬರುವುದಿಲ್ಲ. ಸಾಲಿನ ಮುಂದೆ ಜಾಗ ಬಿಡಬೇಕಾದರೆ ಸ್ಪೇಸನ್ನೇ ಒತ್ತಬೇಕು.

ಅಷ್ಟು ದುಗುಡದಲ್ಲೂ ಲೆಕ್ಕದಕ್ಕ ತಲೆ ಎತ್ತಿ ಎದುರುಗಡೆಯ ಸಾಲಿನತ್ತ ನೋಡಿದಳು. ಅಲ್ಲಿ ಸಿಡುಕಪ್ಪ ಕೂತಿದ್ದ, ಕಿವಿಗೆ ದೊಡ್ಡ ಹೆಡ್‌ಫೋನು, ಮುಖದಲ್ಲಿ ಜಗತ್ತಿನ ಮೇಲೆ ತಕರಾರು. ಲಿಫ್ಟಿನ ಬಾಗಿಲುಗಳ ಕೋಡು ಅವನದು. ಅವನಿಗೂ ಅವಳಿಗೂ ಮಾತು ನಿಂತು ಯಾವ ಕಾಲವಾಗಿತ್ತೋ. ಕಾರಣ ಇದೇ: ಕೋಡಿನ ಸಾಲಿನ ಮುಂದೆ ಜಾಗ ಬಿಡಲು ಟ್ಯಾಬ್ ಕೀಲಿಯನ್ನು ಒಮ್ಮೆ ಒತ್ತಬೇಕೋ, ಸ್ಪೇಸ್ ಕೀಲಿಯನ್ನು ನಾಲ್ಕು ಸಲ ಒತ್ತಬೇಕೋ. ಹೊರಗಿನವರಿಗೆ ಇದೊಂದು ಜಗಳವೇ ಅನ್ನಿಸಲಿಕ್ಕಿಲ್ಲ. ಒಳಗಿನವರು ಇದಕ್ಕಾಗಿ ನಿಶ್ಚಯವಾದ ಮದುವೆಯನ್ನೂ ಮುರಿದಾರು. ಅವನು ಟ್ಯಾಬಿನವನು, ಅವಳು ಸ್ಪೇಸಿನವಳು. ಒಂದು ಸಭೆಯಲ್ಲಿ ಅವನು "ನಾಲ್ಕು ಸಲ ಕೀಲಿ ಒತ್ತೋರಿಗೆ ಬೇರೆ ಕೆಲಸ ಇರಲ್ಲ" ಎಂದಿದ್ದ. ಇವಳು "ಒಂದೇ ಸಲ ಒತ್ತೋರಿಗೆ ಕೆಲಸದ ಮೇಲೆ ಗಮನ ಇರಲ್ಲ" ಎಂದಿದ್ದಳು. ಅಂದಿನಿಂದ ಇಬ್ಬರೂ ಎದುರಾದರೆ ಗೋಡೆ ನೋಡಿಕೊಂಡು ಹೋಗುವರು.

ಟ್ಯಾಬ್ ಅಳಿಸಿ ಸ್ಪೇಸ್ ಹಾಕಿದಳು. ಏಜೆಂಟ್ ಎದ್ದು ಕೂತ. ಪರದೆಯ ಮೇಲೆ ಗೆರೆಗಳು ಒಂದೊಂದಾಗಿ ಏಳತೊಡಗಿದವು.

ಗಂಟೆ ರೆಪೊದ ಸಾಲು ಬಂದಾಗ ಅವಳು ಕಣ್ಣುಜ್ಜಿಕೊಂಡಳು. ವರ್ಷ ಪೂರ್ತಿ, ಒಂದು ವಾರವೂ ತಪ್ಪದೆ, ತಿದ್ದುಪಡಿಗಳು. ಬರೆದವರು: ಲೆಕ್ಕದಕ್ಕ. ಬರೆದವರು: ಲೆಕ್ಕದಕ್ಕ. ಮತ್ತೆ ಮತ್ತೆ ಲೆಕ್ಕದಕ್ಕ. ಮೌನಿಯ ಹೆಸರಿನ ಮುಂದೆ ಸೊನ್ನೆ.

ಮ್ಯಾನೇಜರು ಹಿಂದೆ ಬಂದು ನಿಂತದ್ದು ಅವಳಿಗೆ ಗೊತ್ತಾಗಲಿಲ್ಲ. "ಭೇಷ್!" ಎಂದರು. "ಮಗು ಆಸ್ಪತ್ರೇಲಿ ಇರುವಾಗ್ಲೂ ಕೆಲಸ ಬಿಟ್ಟಿಲ್ವಲ್ಲ ಮೇಡಂ ನೀವು! ಇನ್ನೇನು, ನನ್ನ ಕೆಲಸ ಸಲೀಸಾಯ್ತು. ಶುಕ್ರವಾರ ಇದನ್ನೇ ಮೇಲಕ್ಕೆ ಕಳಿಸ್ತೀನಿ. ಆ ಹುಡುಗನಿಗೆ ನಾನೇ ಹೇಳ್ತೀನಿ, ನೀವು ಮನಸ್ಸಿಗೆ ಹಚ್ಕೋಬೇಡಿ."

ಅವರು ಹೋದ ಮೇಲೆ ಲೆಕ್ಕದಕ್ಕ ಪರದೆಗೆ ಕಣ್ಣು ಹಚ್ಚಿ ಕೂತಳು. ಏಜೆಂಟ್ ತಪ್ಪು ಎಣಿಸಿದನೇ ಎಂದು ಮೊದಲು ಅನುಮಾನಪಟ್ಟಳು. ಎಲ್ಲವನ್ನೂ ಮತ್ತೆ ಪರೀಕ್ಷಿಸಿದಳು. ಅವನು ಸರಿಯಾಗಿಯೇ ಇದ್ದ. ತಿದ್ದುಪಡಿಗಳನ್ನು ತೆರೆದು ಓದಿದಳು: ಪ್ರತಿ ಸಾಲಿನ ಮುಂದೆ ನಾಲ್ಕು ಸ್ಪೇಸು, ಅವಳದೇ ಶೈಲಿ. ಒಂದು ಕ್ಷಣ ತಾನೇ ಅರೆನಿದ್ದೆಯಲ್ಲಿ ಬರೆದೆನೇನೋ ಎಂದು ಹೆದರಿದಳು. ಆಮೇಲೆ ಎದ್ದು ಹೋಗಿ ಮೂಲೆಯ ಮಶೀನಿನಲ್ಲಿ ಕೂತು, ಅದಕ್ಕೆ ಹೇಳಿಟ್ಟಿದ್ದ ಹೆಸರು ಯಾವುದೆಂದು ನೋಡಿದಳು. ಅವಳದೇ ಹೆಸರು. ರಜೆಗೆ ಹೋಗುವ ದಿನ ಬರೆದದ್ದು ಬರೆದ ಹಾಗೇ ಇತ್ತು.

"ಮೌನಿ, ಇಲ್ಲಿ ಬಾ."

ಬಂದ. ನೆಲ ನೋಡಿಕೊಂಡು ನಿಂತ.

"ಮೊದಲು ಹೆಸರು, ಆಮೇಲೆ ಕೆಲಸ. ಹೇಳ್ಕೊಟ್ಟಿದ್ನೋ ಇಲ್ವೋ?"

"ಹೇಳ್ಕೊಟ್ಟಿದ್ರಿ ಅಕ್ಕ."

"ಮರೆತುಬಿಟ್ಟೆ ಅಂತ ಮಾತ್ರ ಹೇಳ್ಬೇಡ. ಒಂದಿನ ಮರೀಬಹುದು, ವರ್ಷ ಪೂರ್ತಿ ಯಾರೂ ಮರೆಯಲ್ಲ."

ಅವನು ಪರೀಕ್ಷೆಯ ಪೆಟ್ಟಿಗೆಯ ಗುಂಡಿಯೊಂದನ್ನು ಒತ್ತಿ ಬಿಟ್ಟ. ದೀಪ ಮಿಣಕ್ಕೆಂದಿತು. ಆಮೇಲೆ ಅವನ ಮಟ್ಟಿಗೆ ಭಾಷಣವೇ ಆದ ಮಾತು ಬಂತು. "ಹಳೇ ಮ್ಯಾನೇಜರು ಹೇಳಿದ್ರು ಅಕ್ಕ. ರಜೇಲಿರೋರ ಹೆಸರು ಮೂರು ತಿಂಗಳು ಕಾಣದೇ ಇದ್ರೆ ಮೇಲಿನವರು ಖಾತೆ ಮುಚ್ತಾರೆ, ಖಾತೆ ಹೋದ್ರೆ ಕುರ್ಚಿ ಹೋಗತ್ತೆ ಅಂತ. ನೀವು ಆಸ್ಪತ್ರೇಲಿ ಇದ್ರಿ. ಹೆಸರು ತಾನೇ, ಇರ್ಲಿ ಅಂತ ಬಿಟ್ವಿ... ಬಿಟ್ಟೆ."

"ಈಗ ನಿನ್ನ ಕುರ್ಚಿ ಹೋಗ್ತಿದೆ."

"ನಂಗೆ ಬೇರೆ ಕಡೆ ಸಿಗತ್ತೆ ಬಿಡಿ. ನಿಮಗೆ ಪುಟ್ಟಿ ಇದ್ದಾಳೆ." ಇಷ್ಟು ಹೇಳಿ, ವರ್ಷಕ್ಕಾಗುವ ಮಾತು ಖರ್ಚಾಯಿತು ಎಂಬಂತೆ ಹೋಗಿ ತನ್ನ ಜಾಗದಲ್ಲಿ ಕೂತುಬಿಟ್ಟ.

ಲೆಕ್ಕದಕ್ಕನಿಗೆ ಒಂದು ವಿಷಯ ಗೊತ್ತಿತ್ತು, ಅದು ಮ್ಯಾನೇಜರಿಗೆ ಗೊತ್ತಿರಲಿಲ್ಲ. ತಿದ್ದುಪಡಿಯ ಮೇಲಿನ ಹೆಸರು ಕಂಪ್ಯೂಟರ್ ಹೇಳಿದ್ದು; ಆದರೆ ಅದನ್ನು ರೆಪೊಗೆ ಕಳಿಸುವಾಗ ಕೂತವರು ತಮ್ಮದೇ ಪಾಸ್‌ವರ್ಡ್ ಒತ್ತಬೇಕು. ಬರೆದವರು ಒಬ್ಬರು, ಕಳಿಸಿದವರು ಇನ್ನೊಬ್ಬರು ಆಗಿರಬಹುದು. ಕಳಿಸಿದವರ ಹೆಸರು ಸರ್ವರಿನಲ್ಲಿ ದಾಖಲಾಗಿಯೇ ಇರುತ್ತದೆ. ಏಜೆಂಟನಿಗೆ ಅದನ್ನೂ ಎಣಿಸು ಎಂದು ಹೇಳಲು ಒಂದೇ ಒಂದು ಸಾಲು ಸಾಕು. ಆ ಸಾಲು ಬರೆಯಿರಿ ಎಂದು ಯಾರೂ ಅವಳನ್ನು ಕೇಳಿರಲಿಲ್ಲ. ಬರೆಯದಿದ್ದರೆ ಕುರ್ಚಿ ಅವಳದು. ಬರೆದರೆ ಮೌನಿಯದು.

ಆ ಸಂಜೆ ಮನೆಯಲ್ಲಿ ಪುಟ್ಟಿಗೆ ಊಟ ಮಾಡಿಸುತ್ತಾ ಎಲ್ಲವನ್ನೂ ಅತ್ತೆಗೆ ಹೇಳಿದಳು. ಅರ್ಧ ಊಟ ಪುಟ್ಟಿಯ ಹೊಟ್ಟೆಗೂ ಅರ್ಧ ಅವಳ ಅಂಗಿಗೂ ಹೋಯಿತು. ಅತ್ತೆ ಬೈಯುತ್ತಾರೆ, ಕುರ್ಚಿ ಬಿಡಬೇಡ ಅನ್ನುತ್ತಾರೆ ಎಂದುಕೊಂಡಿದ್ದಳು. ನಿಜ ಹೇಳಬೇಕೆಂದರೆ ಹಾಗೆ ಅನ್ನಲಿ ಎಂಬ ಆಸೆಯೂ ಇತ್ತು.

ಅತ್ತೆ ಮಗುವಿನ ಬಾಯಿ ಒರೆಸಿದರು. "ಆಸ್ಪತ್ರೇಲಿ ನಾನು ದಿನಾ ಏನ್ ಮಾಡ್ತಿದ್ದೆ, ನೆನಪಿದ್ಯಾ?"

"ನರ್ಸುಗಳ ಜೊತೆ ಜಗಳ."

"ಜಗಳ ಅಲ್ಲಮ್ಮ. ಹೆಸರು ಕೇಳ್ತಿದ್ದೆ. ರಾತ್ರಿ ಪಾಳಿ ಯಾರದು, ನಳಿಗೆ ಬದಲಾಯಿಸಿದ್ದು ಯಾರು ಅಂತ. ಎಲ್ಲರೂ ಮುಖಕ್ಕೆ ಮಾಸ್ಕ್ ಹಾಕ್ಕೊಂಡು ಒಂದೇ ಥರ ಕಾಣೋರು. ಈ ಕೂಸನ್ನ ಬದುಕಿಸಿದೋರು ಯಾರು ಅಂತ ಗೊತ್ತಿಲ್ದೆ ಹೋದ್ರೆ ನಾನು ಯಾರ ಕೈ ಹಿಡಿದು ಥ್ಯಾಂಕ್ಸ್ ಹೇಳ್ಲಿ? ಗೋಡೆಗೆ ಹೇಳ್ಲಾ?"

ಅಷ್ಟೇ. ಉಪದೇಶ ಮಾಡಲಿಲ್ಲ, ಎದ್ದು ತಟ್ಟೆ ತೊಳೆಯಲು ಹೋದರು. ಸಿಂಕಿನ ಹತ್ತಿರದಿಂದ ಕೂಗಿ ಇನ್ನೊಂದು ಮಾತು ಸೇರಿಸಿದರು: "ವಿಮೆಗೆ ಏನಾದ್ರೂ ದಾರಿ ಮಾಡೋಣ, ನನ್ನ ಮಗ ಏನು ಸುಮ್ನೆ ಕೂತಿಲ್ವಲ್ಲ!"

ಮರುದಿನ ಲೆಕ್ಕದಕ್ಕ ಬಂದವಳೇ ಏಜೆಂಟನ ಫೈಲು ತೆರೆದು ಆ ಸಾಲನ್ನು ಬರೆದಳು. ಪರದೆಯ ಮೇಲೆ 'ಬರೆದವರು' ಎಂಬುದರ ಪಕ್ಕದಲ್ಲಿ 'ಕಳಿಸಿದವರು' ಎಂಬ ಖಾಲಿ ಕಾಲಂ, ಉದ್ದನೆಯ ಕಂಬದ ಹಾಗೆ, ಮೂಡಿತು. ಏಜೆಂಟ್ ಹಳೆಯ ತಿಂಗಳುಗಳನ್ನು ಕೆದಕುತ್ತಾ ಒಂದೊಂದೇ ಹೆಸರು ತುಂಬತೊಡಗಿದ. ಮೌನಿ. ಮೌನಿ. ಮೌನಿ. ಗೊತ್ತಿದ್ದದ್ದೇ. ಇನ್ನೇನು ಮುಖ ತಿರುಗಿಸಬೇಕು ಎನ್ನುವಷ್ಟರಲ್ಲಿ ಬೇರೊಂದು ಹೆಸರು ಬಂತು.

ಕಳಿಸಿದವರು: ಟೆಸ್ಟರ್ ದೊಡ್ಡಮ್ಮ. ಬೇರೆಯವರ ಕೋಡಿನಲ್ಲಿ ತಪ್ಪು ಹುಡುಕುವುದು ಅವರ ಕೆಲಸ, ಬರೆಯುವುದಲ್ಲ. ಅದರ ಕೆಳಗೆ ಮೌನಿ. ಅದರ ಕೆಳಗೆ ಡಿಸೈನ್ ಮಾಡುವ ಹುಡುಗಿ. ಗಂಟೆಯ ಕೋಡಿಗೂ ಅವಳಿಗೂ ಸಂಬಂಧವೇ ಇಲ್ಲ. ಆಮೇಲೆ ಹಳೆಯ ಮ್ಯಾನೇಜರು, ಕೋಡ್ ಮುಟ್ಟಿ ಎಷ್ಟೋ ವರ್ಷವಾದ ಮನುಷ್ಯ, ಒಂದು ಕಾಗುಣಿತದ ತಪ್ಪು ತಿದ್ದಿ ಕಳಿಸಿದ್ದರು. ಕೈಲಾದದ್ದು ಅಷ್ಟೇ ಇರಬೇಕು. "ಬಿಟ್ವಿ" ಎಂದು ಮೌನಿಯ ಬಾಯಿ ಜಾರಿದ್ದು ಅವಳಿಗೆ ಈಗ ನೆನಪಾಯಿತು. ಅವರವರ ಕೆಲಸ ಬಿಟ್ಟು, ಊಟದ ಬಿಡುವಿನಲ್ಲಿ ಮೂಲೆಗೆ ಬಂದು, ಮೊದಲು ಹೆಸರು ಬರೆಯದೆ ಕೂತು ಹೋಗಿದ್ದರು ಎಲ್ಲರೂ. ಅವಳು ಕಲಿಸಿದ ಪದ್ಧತಿಯನ್ನು ಅವಳಿಗಾಗಿಯೇ ಮುರಿದಿದ್ದರು.

ಪುಟ್ಟಿಯ ಉಸಿರು ನಿಂತೇ ಹೋಯಿತು ಎಂದುಕೊಂಡಿದ್ದ ಆ ವಾರ ಅವಳಿಗೆ ಚೆನ್ನಾಗಿ ನೆನಪಿತ್ತು. ಮೌನಿಯೂ ಜ್ವರ ಬಂದು ಮಲಗಿದ್ದನೆಂದು ಆಮೇಲೆ ಕೇಳಿದ್ದಳು. ಆ ವಾರದ ಮುಂದೆ ಬಂದ ಹೆಸರು ನೋಡಿ ಅವಳು ಕುರ್ಚಿಯಿಂದ ಎದ್ದುಬಿಟ್ಟಳು.

ಕಳಿಸಿದವರು: ಸಿಡುಕಪ್ಪ. ಇಡೀ ವಾರ ಅವನೊಬ್ಬನೇ.

ನಂಬಿಕೆ ಬರದೆ ಅವನ ತಿದ್ದುಪಡಿಗಳನ್ನು ತೆರೆದಳು. ಪ್ರತಿ ಸಾಲಿನ ಮುಂದೆಯೂ ನಾಲ್ಕು ಸ್ಪೇಸು. ಒಂದಾದರೂ ಟ್ಯಾಬ್ ಇದೆಯೇ ಎಂದು ಹುಡುಕಿದಳು. ಇರಲಿಲ್ಲ. ಅವಳಿಗೆ ಅಳು ಬಂತು, ತಡೆಯಲಿಲ್ಲ, ಅತ್ತಳು. ಟೆಸ್ಟರ್ ದೊಡ್ಡಮ್ಮ ಓಡಿಬಂದು "ಪುಟ್ಟಿಗೇನಾಯ್ತೇ?" ಎಂದು ಗಾಬರಿಯಾದರು. ಲೆಕ್ಕದಕ್ಕ ಪರದೆಯತ್ತ ಕೈ ತೋರಿಸಿದಳು. ದೊಡ್ಡಮ್ಮ ನೋಡಿ, "ಅಯ್ಯೋ, ಇದನ್ನ ಯಾಕೆ ಬಯಲಿಗೆ ಹಾಕಿದ್ಯೇ ಮಾರಾಯ್ತಿ" ಎಂದು ತಾವೂ ಕಣ್ಣೊರೆಸಿಕೊಂಡರು.

ಮ್ಯಾನೇಜರು ಕೈ ಕಟ್ಟಿಕೊಂಡು ಪರದೆಯ ಮುಂದೆ ನಿಂತರು. ಹೊಸ ಕಂಬವನ್ನು ಮೇಲಿಂದ ಕೆಳಗೆ ಓದಿದರು. ಮತ್ತೊಮ್ಮೆ ಓದಿದರು.

"ಈ ಕಂಬ ನಾನು ಕೇಳಿರಲಿಲ್ಲ."

"ಇಲ್ಲ ಸರ್. ನಾನೇ ಹಾಕ್ದೆ. ನಾನು ಒಂದು ಸಾಲೂ ಬರೆದಿಲ್ಲ, ಆಸ್ಪತ್ರೇಲಿ ಇದ್ದೆ. ಕುರ್ಚಿ ಮೌನಿಗೆ ಸೇರಬೇಕು."

"ಹೆಸರು ಬದಲಾಯಿಸದೆ ಕೂರೋದು ನಿಯಮಕ್ಕೆ ವಿರುದ್ಧ. ಎಲ್ಲರಿಗೂ ಗೊತ್ತಲ್ವಾ?" ಇಡೀ ಮಹಡಿ ತಲೆ ತಗ್ಗಿಸಿತು. ಮ್ಯಾನೇಜರು ಹಣೆ ಉಜ್ಜಿಕೊಂಡರು; ಅಂಕಿ ನಂಬುವ ಮನುಷ್ಯನ ತಲೆಯಲ್ಲಿ ಅಂಕಿ ಓಡುತ್ತಿತ್ತು. "ಒಂದು ನಿಮಿಷ ಇರಿ ಮೇಡಂ. ನಿನ್ನೆ ಇದು ಒಬ್ಬರ ಕೆಲಸ ಥರ ಕಾಣ್ತಿತ್ತು. ಒಬ್ಬರೇ ನಿಭಾಯಿಸ್ತಿದ್ದಾರೆ, ಇನ್ನೊಂದು ಕುರ್ಚಿ ದಂಡ ಅಂತ. ಆದ್ರೆ ಇಲ್ಲಿ ನೋಡಿದ್ರೆ, ನೀವು ಇಲ್ದೇ ಇದ್ದಾಗ ಈ ಹುಡುಗನೊಬ್ಬನ ಕೈಲಿ ಆಗಿಲ್ಲ. ಅರ್ಧ ಮಹಡಿ ಬಂದು ಕೈ ಹಾಕಿದೆ. ತಮ್ಮ ತಮ್ಮ ಕೆಲಸ ಹಿಂದೆ ಬಿಟ್ಟು."

"ಹೌದು ಸರ್."

"ಹಾಗಾದ್ರೆ ಮೇಲಿನವರ ಲೆಕ್ಕ ತಪ್ಪು. ಗಂಟೆ ಮೇಜಿಗೆ ಒಂದು ಕುರ್ಚಿ ಸಾಲಲ್ಲ. ಎರಡು ಬೇಕೇ ಬೇಕು. ಶುಕ್ರವಾರ ಇದನ್ನೇ ಕಳಿಸ್ತೀನಿ, ಎರಡೂ ಕಂಬದ ಸಮೇತ. ವಾದ ಮಾಡಲಿ ನೋಡೋಣ." ಹೋಗುತ್ತಾ ತಿರುಗಿ, ಒಂದಿಷ್ಟು ಬಿಗುಮಾನದಿಂದಲೇ ಹೇಳಿದರು: "ಇನ್ಮೇಲೆ ಮೊದಲು ಹೆಸರು, ಆಮೇಲೆ ಕೆಲಸ."

ಮೌನಿ ಎರಡು ಕೈಯಲ್ಲಿ ಮುಖ ಮುಚ್ಚಿಕೊಂಡು ಕೂತಿದ್ದ. ಲೆಕ್ಕದಕ್ಕ ಅವನ ತಲೆಯ ಮೇಲೆ ಕೈ ಇಟ್ಟಳು. ಆ ದಿನ ಅವರ ಮೇಜಿನಲ್ಲಿ ಮೌನಿಗಳು ಇಬ್ಬರಾದರು.

ಆಮೇಲೆ ಅವಳು ಕಂಬದಲ್ಲಿದ್ದ ಹೆಸರುಗಳ ಸಾಲು ಹಿಡಿದು ಒಬ್ಬೊಬ್ಬರ ಹತ್ತಿರವೂ ಹೋಗಿ, ಅತ್ತೆಯ ಹಾಗೆ, ಕೈ ಹಿಡಿದು ಥ್ಯಾಂಕ್ಸ್ ಹೇಳಿದಳು. ಹಳೆಯ ಮ್ಯಾನೇಜರಿಗೆ ಫೋನಿನಲ್ಲಿ ಹೇಳಿದಳು. ಎಲ್ಲರಿಗಿಂತ ಕೊನೆಗೆ ಸಿಡುಕಪ್ಪನ ಮೇಜಿನ ಹತ್ತಿರ ಬಂದು ನಿಂತಳು. ಅವನು ಹೆಡ್‌ಫೋನಿನ ಒಂದು ಕಿವಿ ಮಾತ್ರ ಸರಿಸಿದ.

"ಏನ್ರೀ?"

"ಥ್ಯಾಂಕ್ಸ್ ರೀ."

"ಯಾತಕ್ಕೆ?"

"ಸ್ಪೇಸಿಗೆ."

ಸಿಡುಕಪ್ಪ ಅತ್ತಿತ್ತ ನೋಡಿ ದನಿ ತಗ್ಗಿಸಿದ. "ಮೆತ್ತಗೆ ಹೇಳ್ರೀ, ನನ್ನ ಮರ್ಯಾದೆ ಪ್ರಶ್ನೆ." ಮುಖದ ಮೇಲಿನ ಸಿಡುಕು ಹಾಗೇ ಇತ್ತು, ಕಿವಿ ಮಾತ್ರ ಕೆಂಪಗಾಗಿತ್ತು. "ಮತ್ತೇನ್ ಮಾಡ್ಲಿ? ನಿಮ್ಮ ಹೆಸರಲ್ಲಿ ಟ್ಯಾಬ್ ಹಾಕಿದ್ರೆ ಯಾರಾದ್ರೂ ನಂಬ್ತಿದ್ರಾ?"

ಅವಳು ಅವನ ಕೈ ಒಂದು ಸಲ ಅದುಮಿ ತನ್ನ ಜಾಗಕ್ಕೆ ಮರಳಿದಳು. ಮಧ್ಯಾಹ್ನ ಸಿಡುಕಪ್ಪನ ಬಾಗಿಲುಗಳ ರೆಪೊದಲ್ಲಿ ಒಂದು ಸಣ್ಣ ತಪ್ಪು ಕಣ್ಣಿಗೆ ಬಿತ್ತು. ಮೊದಲು ತನ್ನ ಹೆಸರು ಸರಿಯಾಗಿದೆಯೇ ಎಂದು ನೋಡಿಕೊಂಡಳು. ಆಮೇಲೆ, ಎಷ್ಟೋ ವರ್ಷಗಳ ನಂತರ ಮೊದಲ ಬಾರಿಗೆ, ಟ್ಯಾಬ್ ಕೀಲಿಯನ್ನು ಒತ್ತಿ ಆ ಸಾಲನ್ನು ತಿದ್ದಿ ಕಳಿಸಿದಳು.